ಡಿಸ್ಕ್ ಸರಿದಿದೆ ಎಂದಿದ್ದಾರೆ: ಶಸ್ತ್ರಚಿಕಿತ್ಸೆಯಿಲ್ಲದೆ ಸೊಂಟ ಸರಿಹೋಗುವುದುಂಟೆ?

ಪ್ರಶ್ನೆ: ಕಾವೇರಿದಂಡೆ (ಶ್ರೀರಂಗಪಟ್ಟಣ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ. ಮೈಸೂರಿನ ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಬೆಳಿಗ್ಗೆ ಐದೂವರೆಗೆ ಎದ್ದು ಎರಡು ಹಸುಗಳ ಹಾಲು ಕರೆದು, ಡೇರಿಗೆ ಹಾಕಿ, ಬೈಕಿನಲ್ಲಿ ಮೈಸೂರಿಗೆ ಹೊರಡುವುದು, ಸಂಜೆ ಏಳಕ್ಕೆ ಮನೆ ಸೇರುವುದು, ಭಾನುವಾರ ಗದ್ದೆಯ ಕಡೆ ಹೋಗುವುದು ಹದಿನೈದು ವರ್ಷಗಳಿಂದ ನಡೆದುಬಂದ ರೂಢಿ.

ಐದು ವಾರಗಳ ಹಿಂದೆ ಗಾಡಿಯಿಂದ ಯೂರಿಯಾ ಚೀಲ ಇಳಿಸುವಾಗ ಸೊಂಟದಲ್ಲಿ ಏನೋ ಕಳಕ್ಕೆಂದಿತು. ಆಗ ಅಷ್ಟೇನೂ ಅನ್ನಿಸಲಿಲ್ಲ, ಕೆಲಸ ಮುಗಿಸಿಯೇ ಮನೆಗೆ ಬಂದೆ. ಮರುದಿನ ಬೆಳಿಗ್ಗೆ ಮಾತ್ರ ಹಾಸಿಗೆಯಿಂದ ಏಳಲು ಗೋಡೆ ಹಿಡಿಯಬೇಕಾಯಿತು. ಮೂರನೆಯ ದಿನದಿಂದ ನೋವು ಎಡ ಪಿರ್ರೆಯಿಂದ ತೊಡೆಯ ಹಿಂಬದಿಗೆ, ಅಲ್ಲಿಂದ ಮೀನಖಂಡಕ್ಕೆ, ಪಾದದ ಕಿರುಬೆರಳಿನ ಅಂಚಿನವರೆಗೂ ಎಳೆಯುತ್ತಿದೆ. ಕೆಮ್ಮಿದರೆ, ಸೀನಿದರೆ ಕಾಲಿಗೆ ಕರೆಂಟು ಹೊಡೆದಂತಾಗುತ್ತದೆ. ಎಂಆರ್‌ಐ ವರದಿಯಲ್ಲಿ ಎಲ್4-ಎಲ್5 ಡಿಸ್ಕ್ (ಸೊಂಟದ ನಾಲ್ಕು ಮತ್ತು ಐದನೆಯ ಮೂಳೆಗಳ ನಡುವಿನ ಮೆತ್ತೆ) ಉಬ್ಬಿದೆ ಎಂದೂ, ಅದರ ಕೆಳಗಿನ ಎಲ್5-ಎಸ್1 ಡಿಸ್ಕ್ ಎಡಕ್ಕೆ ಚಾಚಿಕೊಂಡು ನರದ ಬುಡವನ್ನು ಒತ್ತುತ್ತಿದೆ ಎಂದೂ ಬರೆದಿದ್ದಾರೆ. ಮೊದಲು ನೋಡಿದ ವೈದ್ಯರು ಈ ತಿಂಗಳೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡುಬಿಡಿ ಎಂದರು. ಎರಡನೆಯವರು ಕಾಲಿನಲ್ಲಿ ಬಲ ಚೆನ್ನಾಗಿಯೇ ಇದೆ, ಇನ್ನೂ ಕೆಲವು ವಾರ ಕಾಯೋಣ ಎಂದರು.

ಇನ್ನು ಮನೆಯ ಸಲಹೆಗಳು ಬೇರೆಯೇ ಇವೆ. ಹುಟ್ಟುವಾಗ ಕಾಲು ಮುಂದಾಗಿ ಬಂದವರಿಂದ ಸೊಂಟ ತುಳಿಸಿಕೊಳ್ಳಬೇಕೆಂಬುದು ತಾಯಿಯ ಮಾತು. ಬೆಲ್ಟ್ ಕಟ್ಟಿಕೊಂಡು ಬರಿನೆಲದ ಮೇಲೆ ಮಲಗು ಎನ್ನುತ್ತಾರೆ ಮಾವ. ಯೋಗಕ್ಕೆ ಸೇರಿ ಎಂಬುದು ಕಚೇರಿಯವರ ಒತ್ತಾಯ. ಯಾವುದನ್ನು ಕೇಳಬೇಕು, ಯಾವುದನ್ನು ಬಿಡಬೇಕು ತಿಳಿಯುತ್ತಿಲ್ಲ. ಇದರ ಜೊತೆಗೆ, ಮನೆಯಲ್ಲೇ ಬಟ್ಟೆ ಹೊಲಿಯುವ ನನ್ನ ಮನೆಯವರಿಗೆ ಎರಡು ತಿಂಗಳಿಂದ ಕತ್ತುನೋವು. ಬಲಗೈ ಜೋಮು ಹಿಡಿಯುತ್ತದೆ. ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ 1: ಏರಿ ಮೇಲಿನ ನಡಿಗೆ (ಫಿಸಿಯೋಥೆರಪಿಸ್ಟ್, ಮೈಸೂರು)

ನಮಸ್ಕಾರ ಸರ್. ನಿಮ್ಮನ್ನು ಕಣ್ಣಾರೆ ನೋಡದೆ ಚಿಕಿತ್ಸೆ ಹೇಳುವುದು ಸರಿಯಲ್ಲವಾದ್ದರಿಂದ, ಇಂಥ ತೊಂದರೆಯಿಂದ ಬರುವ ಎಲ್ಲರಿಗೂ ನಾನು ಹೇಳುವುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಡಿಸ್ಕಿನಿಂದ ಕಾಲಿಗೆ ಇಳಿಯುವ ನೋವು ಹೆಚ್ಚಿನವರಲ್ಲಿ ಆರರಿಂದ ಹನ್ನೆರಡು ವಾರಗಳೊಳಗೆ ಶಸ್ತ್ರಚಿಕಿತ್ಸೆಯಿಲ್ಲದೆಯೇ ಬಹುಮಟ್ಟಿಗೆ ಇಳಿಯುತ್ತದೆ. ನೀವಿನ್ನೂ ಐದನೆಯ ವಾರದಲ್ಲಿದ್ದೀರಿ. ಹೊರಗೆ ಚಾಚಿದ ಡಿಸ್ಕಿನ ಭಾಗವನ್ನು ದೇಹವೇ ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಸಣ್ಣ ಉಬ್ಬಿಗಿಂತ ದೊಡ್ಡದಾಗಿ ಹೊರಬಂದ ತುಂಡೇ ಹೆಚ್ಚು ಸಲ ಕುಗ್ಗುತ್ತದೆ ಎಂದರೆ ನನ್ನ ಬಳಿ ಬರುವವರು ಮೊದಲು ನಂಬುವುದಿಲ್ಲ. ವರದಿಯ ಭಾಷೆಗೂ ಹೆದರಬೇಡಿ. ಯಾವ ನೋವೂ ಇಲ್ಲದ 3110 ಜನರ ಬೆನ್ನಿನ ಚಿತ್ರಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, ನಲವತ್ತು ವರ್ಷದ ಆರೋಗ್ಯವಂತರಲ್ಲಿ ನೂರಕ್ಕೆ 50 ಮಂದಿಗೆ ಡಿಸ್ಕ್ ಉಬ್ಬಿತ್ತು, 68 ಮಂದಿಗೆ ಡಿಸ್ಕ್ ಸವೆದಿತ್ತು. ತಲೆಗೂದಲು ನರೆಯುವ ಹಾಗೆ ಡಿಸ್ಕೂ ಬಣ್ಣಗೆಡುತ್ತದೆ. ಆದ್ದರಿಂದ ನಿಮ್ಮ ಎಲ್4-ಎಲ್5 ಉಬ್ಬನ್ನು ಪಕ್ಕಕ್ಕಿಡಿ. ಕಿರುಬೆರಳಿನ ಅಂಚಿಗೆ ಇಳಿಯುವ ನೋವಿಗೆ ಹೊಂದಿಕೆಯಾಗುವುದು ಕೆಳಗಿನ ಎಲ್5-ಎಸ್1 ಮಾತ್ರ.

ನಿಮ್ಮ ಪತ್ರದಲ್ಲಿ ಎಲ್ಲರೂ ಯೂರಿಯಾ ಚೀಲವನ್ನು ನೋಡುತ್ತಾರೆ, ನನ್ನ ಕಣ್ಣು ನಿಂತದ್ದು ಐದೂವರೆಯ ಹಸುವಿನ ಮೇಲೆ. ಡಿಸ್ಕಿನ ಒಳಗೆ ರಕ್ತನಾಳಗಳಿಲ್ಲ. ಅದು ಸ್ಪಂಜಿನ ಹಾಗೆ ಸುತ್ತಲಿನಿಂದ ನೀರನ್ನೂ ಪೋಷಣೆಯನ್ನೂ ಹೀರುತ್ತದೆ. ರಾತ್ರಿಯೆಲ್ಲ ಮಲಗಿರುವಾಗ ನೀರು ಹೀರಿ ಉಬ್ಬುವುದರಿಂದಲೇ ಬೆಳಿಗ್ಗೆ ನಾವು ಸಂಜೆಗಿಂತ ಒಂದು ಸೆಂಟಿಮೀಟರಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಎತ್ತರವಾಗಿರುತ್ತೇವೆ. ಹೀಗೆ ನೀರು ತುಂಬಿ ಬಿಗಿದ ಡಿಸ್ಕನ್ನು ಎದ್ದ ಕೂಡಲೇ ಮುಂದಕ್ಕೆ ಬಗ್ಗಿಸಿದರೆ ಅದರ ಹಿಂಬದಿಯ ಪದರಗಳ ಮೇಲೆ ಬೀಳುವ ಎಳೆತ ಹಗಲಿಗಿಂತ ಬಹಳ ಹೆಚ್ಚು. ನೀವು ಮಾಡುತ್ತಿರುವುದು ಅದನ್ನೇ: ಹಾಸಿಗೆ ಬಿಟ್ಟು ಹತ್ತು ನಿಮಿಷದೊಳಗೆ ಕುಕ್ಕರುಗಾಲಿನಲ್ಲಿ ಕುಳಿತು, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ತುಂಬಿದ ಬಕೆಟ್ಟನ್ನು ಪಕ್ಕಕ್ಕೆ ತಿರುಗಿ ಎತ್ತುವುದು. ಬೆಳಗಿನ ಹೊತ್ತು ಮುಂದೆ ಬಗ್ಗುವುದನ್ನು ತಪ್ಪಿಸಿದವರಲ್ಲಿ ಹಳೆಯ ಸೊಂಟನೋವು ಕಡಿಮೆಯಾದುದನ್ನು 1998ರಲ್ಲೇ ಒಂದು ಪ್ರಯೋಗ ತೋರಿಸಿದೆ. ಸಾಧ್ಯವಾದರೆ ಒಂದೂವರೆ ತಿಂಗಳು ಹಾಲು ಕರೆಯುವುದನ್ನು ಬೇರೆಯವರಿಗೆ ಬಿಡಿ. ಆಗದಿದ್ದರೆ ಎದ್ದ ಮೇಲೆ ಮುಕ್ಕಾಲು ಗಂಟೆ ಓಡಾಡಿ, ಒಂದಡಿ ಎತ್ತರದ ಗಟ್ಟಿ ಸ್ಟೂಲನ್ನು ಕೆಚ್ಚಲಿಗೆ ಹತ್ತಿರ ಎಳೆದುಕೊಂಡು, ಹಣೆಯನ್ನು ಹಸುವಿನ ಪಕ್ಕೆಗೆ ಆನಿಸಿ ಕುಳಿತುಕೊಳ್ಳಿ. ಬಕೆಟ್ಟನ್ನು ಅರ್ಧಕ್ಕಿಂತ ಹೆಚ್ಚು ತುಂಬಿಸದೆ ಎರಡು ಸಲ ಹೊರಿ.

ಬಗ್ಗುವ ರೀತಿಯನ್ನು ಹೊಸದಾಗಿ ಕಲಿಯಬೇಕು. ಪೊರಕೆ ಕಡ್ಡಿಗಿಂತ ದಪ್ಪನೆಯ ಒಂದು ಬಿದಿರು ಕೋಲನ್ನು ಬೆನ್ನಿನ ಮೇಲೆ ಉದ್ದಕ್ಕೆ ಹಿಡಿದುಕೊಳ್ಳಿ. ತಲೆಯ ಹಿಂಬದಿ, ಎರಡು ಹೆಗಲಿನ ನಡುವೆ, ಬಾಲಮೂಳೆ, ಈ ಮೂರು ಕಡೆ ಅದು ತಾಗಿರಲಿ. ಈಗ ಮಂಡಿಯನ್ನು ಸ್ವಲ್ಪ ಸಡಿಲಿಸಿ, ಪಿರ್ರೆಯನ್ನು ಹಿಂದಕ್ಕೆ ತಳ್ಳುತ್ತಾ ತೊಡೆಸಂದಿನಲ್ಲಿ ಬಗ್ಗಿ. ಮೂರರಲ್ಲಿ ಒಂದು ಕಡೆ ಕೋಲು ಬಿಟ್ಟುಕೊಂಡಿತೆಂದರೆ ಬಗ್ಗಿದ್ದು ಸೊಂಟವೇ ಹೊರತು ತೊಡೆಸಂದಲ್ಲ. ಇದು ಅಭ್ಯಾಸವಾಗುವವರೆಗೆ 45 ಕೆಜಿಯ ಚೀಲದ ಗೋಜಿಗೆ ಹೋಗಲೇಬೇಡಿ, ಅಭ್ಯಾಸವಾದ ಮೇಲೂ ಅದು ಇಬ್ಬರು ಹಿಡಿಯುವ ವಸ್ತು.

ವ್ಯಾಯಾಮದ ವಿಷಯಕ್ಕೆ ಬಂದರೆ, ಬೋರಲು ಮಲಗುವುದರಿಂದ ಆರಂಭಿಸಿ. ಎರಡು ನಿಮಿಷ ಸುಮ್ಮನೆ ಮಲಗಿ, ನಂತರ ಮೊಣಕೈ ಊರಿ ಎದೆ ಎತ್ತಿ, ಅದು ಸಲೀಸಾದರೆ ಕೆಲವು ದಿನಗಳ ನಂತರ ಅಂಗೈ ಊರಿ, ಸೊಂಟವನ್ನು ನೆಲಕ್ಕೆ ಬಿಟ್ಟು, ಹತ್ತು ಸಲ ನಿಧಾನವಾಗಿ ಎದ್ದು ಇಳಿಯಿರಿ. ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ ಬಳಕೆಗೆ ತಂದ ಕ್ರಮವಿದು. ಇಲ್ಲಿ ಗಮನಿಸಬೇಕಾದದ್ದು ನೋವು ಹೆಚ್ಚೋ ಕಡಿಮೆಯೋ ಎಂಬುದಕ್ಕಿಂತ ಅದು ಎಲ್ಲಿದೆ ಎಂಬುದು. ಪಾದದ ನೋವು ಮೀನಖಂಡಕ್ಕೆ, ಮೀನಖಂಡದ್ದು ತೊಡೆಗೆ ಏರುತ್ತಾ ಸೊಂಟದಲ್ಲಿ ಬಂದು ನಿಂತರೆ, ಸೊಂಟದಲ್ಲಿ ಸ್ವಲ್ಪ ಹೆಚ್ಚೇ ನೋಯುತ್ತಿದ್ದರೂ, ನೀವು ಸರಿದಾರಿಯಲ್ಲಿದ್ದೀರಿ. ಅದೇ ನೋವು ಕೆಳಗೆ ಪಾದದ ಕಡೆ ಇಳಿಯುತ್ತಾ ಹೋದರೆ ಆ ವ್ಯಾಯಾಮ ನಿಮಗೆ ಹೊಂದುವುದಿಲ್ಲ, ಅಂದೇ ನಿಲ್ಲಿಸಿ.

ಬರಿನೆಲದ ಬಗ್ಗೆ ಒಂದು ಮಾತು. 2003ರಲ್ಲಿ 313 ಜನರ ಮೇಲೆ ನಡೆದ ಪ್ರಯೋಗದಲ್ಲಿ ತೀರ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯ ಹಾಸಿಗೆಯೇ ಸೊಂಟನೋವಿಗೆ ಉತ್ತಮವೆಂದು ಕಂಡುಬಂತು. ನಿಮ್ಮ ಮನೆಯ ಹಳೆಯ ಹತ್ತಿ ಹಾಸಿಗೆ ನಡುವೆ ಗುಳಿಬೀಳದಿದ್ದರೆ ಅದೇ ಸಾಕು. ಮಗ್ಗುಲಾಗಿ ಮಲಗಿ ಮಂಡಿಗಳ ನಡುವೆ ಒಂದು ದಿಂಬು ಇಟ್ಟುಕೊಳ್ಳಿ. ಬೆಲ್ಟ್ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ದೀರ್ಘಕಾಲದ ಸೊಂಟನೋವಿಗೆ ಅದನ್ನು ವಾಡಿಕೆಯಾಗಿ ಕೊಡಬಾರದೆಂದು 2023ರ ಡಿಸೆಂಬರಿನಲ್ಲಿ ಸೂಚಿಸಿದೆ, ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್ನನ್ನೂ ಅದೇ ಪಟ್ಟಿಗೆ ಸೇರಿಸಿದೆ. ಎರಡೂ ನಮ್ಮ ವೃತ್ತಿಯವರೇ ಹಲವು ವರ್ಷ ಧಾರಾಳವಾಗಿ ಕೊಟ್ಟವು ಎಂಬುದನ್ನು ಒಪ್ಪಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಉತ್ತರ 2: ನಾಲೆಯಂಚು (ಮದ್ದೂರು)

ಮೇಲಿನವರ ಮಾತಿಗೆ ನನ್ನ ಅನುಭವವೇ ಸಾಕ್ಷಿಯಾದ್ದರಿಂದ ಬರೆಯುತ್ತಿದ್ದೇನೆ. ನಾನು ಪ್ರೌಢಶಾಲೆಯ ಶಿಕ್ಷಕ. ಆರು ವರ್ಷಗಳ ಹಿಂದೆ ಇದೇ ರೀತಿ ಬಲಗಾಲಿಗೆ ನೋವು ಇಳಿದಾಗ ಒಂದು ಚಿಕಿತ್ಸಾಲಯದಲ್ಲಿ ಮೂರು ವಾರ ಹಾಸಿಗೆ ಬಿಟ್ಟು ಏಳಬಾರದೆಂದರು. ಊಟ, ಓದು, ಉತ್ತರಪತ್ರಿಕೆಗಳ ಮೌಲ್ಯಮಾಪನ, ಎಲ್ಲವೂ ಮಲಗಿದಲ್ಲೇ ನಡೆಯಿತು. ಎದ್ದಾಗ ಕಾಲುಗಳು ಬತ್ತಿಹೋಗಿದ್ದವು. ಆಮೇಲೆ ಬೆಲ್ಟ್ ಕಟ್ಟಿದರು. ಎಂಟು ತಿಂಗಳು ಸ್ನಾನಕ್ಕೆ ಮಾತ್ರ ಅದನ್ನು ಬಿಚ್ಚುತ್ತಿದ್ದೆ. ಬೆಲ್ಟಿಲ್ಲದೆ ಕರಿಹಲಗೆಯ ಮೇಲಿನ ಸಾಲಿಗೆ ಕೈ ಎತ್ತಲೂ ಭಯವಾಗುವಷ್ಟರ ಮಟ್ಟಿಗೆ ಮನಸ್ಸು ಅದಕ್ಕೆ ಒಗ್ಗಿಹೋಗಿತ್ತು. ನೋವಿಗಿಂತ ಆ ಭಯವನ್ನು ಬಿಡಿಸಿಕೊಳ್ಳುವುದೇ ನನಗೆ ಹೆಚ್ಚು ಕಷ್ಟವಾಯಿತು. ಏಳು ದಿನ ಮಲಗಿದವರಿಗಿಂತ ಎರಡೇ ದಿನ ಮಲಗಿದವರು ಬೇಗ ಕೆಲಸಕ್ಕೆ ಮರಳಿದರೆಂದು 1986ರಲ್ಲೇ ಅಮೆರಿಕದ ಪ್ರಯೋಗವೊಂದು ತೋರಿಸಿತ್ತು ಎಂಬುದನ್ನು ಎಷ್ಟೋ ಕಾಲದ ಮೇಲೆ ಓದಿ, ಆ ಮೂರು ವಾರಗಳನ್ನು ನೆನೆದು ಹೊಟ್ಟೆ ಉರಿಯಿತು.

ನನ್ನನ್ನು ಎತ್ತಿ ನಿಲ್ಲಿಸಿದ್ದು ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಏರಿ. ಮೊದಲ ದಿನ ಐದು ನಿಮಿಷ ನಡೆದು ಮೈಲಿಗಲ್ಲಿನ ಮೇಲೆ ಕುಳಿತುಬಿಟ್ಟಿದ್ದೆ. ವಾರಕ್ಕೆ ಎರಡೆರಡು ನಿಮಿಷ ಹೆಚ್ಚಿಸುತ್ತಾ ಸುಮಾರು ಐದು ತಿಂಗಳಲ್ಲಿ ಮುಕ್ಕಾಲು ಗಂಟೆಗೆ ಬಂದೆ. ನೋವು ಇಲ್ಲದ ದಿನ ಹೆಚ್ಚು ನಡೆಯುವುದು, ಇದ್ದ ದಿನ ಪೂರ್ತಿ ಬಿಡುವುದು ನಾನು ಮಾಡುತ್ತಿದ್ದ ತಪ್ಪು. ಎರಡು ದಿನವೂ ಅಷ್ಟೇ ನಡೆಯಬೇಕೆಂದು ಕಲಿತ ಮೇಲೆ ಸುಧಾರಣೆ ಕಂಡಿತು. ಸೊಂಟನೋವಿನಿಂದ ಚೇತರಿಸಿಕೊಂಡ 701 ಜನರನ್ನು ಎರಡು ಗುಂಪು ಮಾಡಿ ಆಸ್ಟ್ರೇಲಿಯಾದಲ್ಲಿ ನಡೆಸಿದ, 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಾರಕ್ಕೆ ಐದು ದಿನ ಅರ್ಧ ಗಂಟೆಯ ನಡಿಗೆಯತ್ತ ಹಂತಹಂತವಾಗಿ ಸಾಗಿದವರಿಗೆ ನೋವು ಮರುಕಳಿಸಲು ಸರಾಸರಿ 208 ದಿನ ಹಿಡಿದರೆ, ಉಳಿದವರಿಗೆ 112 ದಿನಗಳಲ್ಲೇ ಮರಳಿತಂತೆ. ನಡಿಗೆಗೆ ಖರ್ಚೆಂದರೆ ಚಪ್ಪಲಿ ಸವೆಯುವುದಷ್ಟೇ.

ಯೋಗದ ಬಗ್ಗೆಯೂ ಎಚ್ಚರವಿರಲಿ. ಯೋಗಗುರು ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ ಮೈಸೂರಿನಲ್ಲಿ ಯೋಗ ಬೇಡವೆನ್ನುವ ಧೈರ್ಯ ನನಗಿಲ್ಲ. ಆದರೆ ಚೇತರಿಸಿಕೊಂಡ ಎರಡನೆಯ ತಿಂಗಳಲ್ಲೇ ಒಂದು ತರಗತಿಗೆ ಸೇರಿ, ಪಕ್ಕದ ಹುಡುಗ ಮೂಗನ್ನು ಮಂಡಿಗೆ ತಾಗಿಸಿದ್ದನ್ನು ನೋಡಿ ನಾನೂ ಪಶ್ಚಿಮೋತ್ತಾನಾಸನಕ್ಕೆ ಬಗ್ಗಿದೆ. ಆ ರಾತ್ರಿಯೇ ನೋವು ಮತ್ತೆ ಪಾದಕ್ಕೆ ಇಳಿಯಿತು. ತಪ್ಪು ಆಸನದ್ದಲ್ಲ, ನನ್ನ ಅವಸರದ್ದು. ಡಿಸ್ಕಿನ ತೊಂದರೆಯವರು ಭುಜಂಗಾಸನ, ಶಲಭಾಸನದಂಥ ಹಿಂದಕ್ಕೆ ಬಾಗುವವುಗಳಿಂದ ಆರಂಭಿಸಿ, ಮುಂದಕ್ಕೆ ಬಗ್ಗುವ ಆಸನಗಳನ್ನು ಹಲವು ತಿಂಗಳು ದೂರವಿಡುವುದು ಒಳ್ಳೆಯದೆಂದು ಆಮೇಲೆ ತಿಳಿಯಿತು.

ಹಾಗೆಂದು ಹಿಂದಕ್ಕೆ ಬಾಗುವುದು ಎಲ್ಲರಿಗೂ ಒಳ್ಳೆಯದೆಂದಲ್ಲ. ನಮ್ಮ ತಂದೆಯವರಿಗೆ 74 ವರ್ಷ. ನೂರು ಹೆಜ್ಜೆ ನಡೆದರೆ ಎರಡೂ ಕಾಲು ಭಾರವಾಗಿ ಕುಳಿತುಬಿಡುತ್ತಾರೆ, ಅದೇ ಸೈಕಲ್ ತುಳಿದುಕೊಂಡು ಸಂತೆಗೆ ಹೋಗಿ ಬರುತ್ತಾರೆ. ಇದೇನು ನಾಟಕವೆಂದು ಮನೆಯವರೆಲ್ಲ ನಗುತ್ತಿದ್ದೆವು. ಬೆನ್ನುಹುರಿಯ ಕಾಲುವೆ ವಯಸ್ಸಿನಿಂದ ಕಿರಿದಾದವರಿಗೆ ಮುಂದೆ ಬಾಗಿದಾಗ ಜಾಗ ಹಿಗ್ಗಿ ನೋವು ಇಳಿಯುತ್ತದೆ, ನೆಟ್ಟಗೆ ನಿಂತಾಗ ನರಗಳು ಇರುಕಿಕೊಳ್ಳುತ್ತವೆ ಎಂದು ವೈದ್ಯರು ಹೇಳಿದ ಮೇಲೆ ನಕ್ಕದ್ದಕ್ಕೆ ನಾಚಿಕೆಯಾಯಿತು. ಅವರಿಗೆ ಭುಜಂಗಾಸನ ಹೇಳಿಕೊಟ್ಟಿದ್ದರೆ ನೋವು ಹೆಚ್ಚುತ್ತಿತ್ತು.

ಉತ್ತರ 3: ಸೂಜಿದಾರ (ಮಂಡ್ಯ)

ಕತ್ತಿನ ವಿಷಯಕ್ಕೆ ಯಾರೂ ಬರಲಿಲ್ಲವಲ್ಲ. ನಾನೂ ಇಪ್ಪತ್ತು ವರ್ಷಗಳಿಂದ ಬ್ಲೌಸ್ ಹೊಲಿಯುವವಳು. ನಿಮ್ಮ ಮನೆಯವರಿಗೆ ಇದನ್ನು ಓದಿ ಹೇಳಿ.

ಮನುಷ್ಯನ ತಲೆಯ ತೂಕ ಐದು ಕೆಜಿಯ ಆಸುಪಾಸು. ಕತ್ತು ನೆಟ್ಟಗಿರುವಾಗ ಮೂಳೆಗಳ ಗೂಡೇ ಅದನ್ನು ಹೊರುತ್ತದೆ. ಬಗ್ಗಿಸಿದಷ್ಟೂ ಹಿಂಬದಿಯ ಸ್ನಾಯುಗಳು ಅದನ್ನು ಎಳೆದು ಹಿಡಿಯಬೇಕಾಗುತ್ತದೆ. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿಯುವುದಕ್ಕೂ, ಕೈ ಚಾಚಿ ಹಿಡಿಯುವುದಕ್ಕೂ ಇರುವಷ್ಟೇ ವ್ಯತ್ಯಾಸ. ಹೊಲಿಗೆಯಲ್ಲಿ ಕಣ್ಣು ಸೂಜಿಯ ಮೇಲೆ ನೆಟ್ಟಿರಬೇಕಾದ್ದರಿಂದ ಗಂಟೆಗಟ್ಟಲೆ ತಲೆ ತಗ್ಗಿಯೇ ಇರುತ್ತದೆ, ಅದರಲ್ಲೂ ದಸರಾ, ದೀಪಾವಳಿ, ಮದುವೆಯ ತಿಂಗಳುಗಳಲ್ಲಿ ರಾತ್ರಿ ಹನ್ನೊಂದರವರೆಗೆ.

ನನಗೆ ಉಪಯೋಗಕ್ಕೆ ಬಂದದ್ದು ಮೂರು ಬದಲಾವಣೆ. ಮಿಷನ್ನಿನ ನಾಲ್ಕು ಕಾಲುಗಳ ಕೆಳಗೆ ಮರದ ತುಂಡುಗಳನ್ನಿಟ್ಟು ಎತ್ತರಿಸಿದೆ, ಅದಕ್ಕೆ ತಕ್ಕ ಹಾಗೆ ಪೆಡಲಿಗೆ ಕಾಲು ಎಟುಕುವಂತೆ ಕುರ್ಚಿಯನ್ನೂ ಹೊಂದಿಸಿದೆ. ಸೂಜಿಯ ಬಳಿ ಬೆಳಕು ಬೀಳುವ ಸಣ್ಣ ದೀಪ ಹಾಕಿಸಿದೆ; ಬೆಳಕು ಸಾಲದೆಯೇ ನಾವು ಇನ್ನಷ್ಟು ಬಗ್ಗುವುದೆಂದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ಹೊಲಿಯುವುದೂ ಕತ್ತರಿಸುವುದೂ ಒಂದೇ ದಿನ ಒಂದೇ ಭಂಗಿಯಲ್ಲಿ ಮಾಡದೆ, ಅರ್ಧ ಗಂಟೆ ಹೊಲಿದು, ಎದ್ದು ಎತ್ತರದ ಮೇಜಿನ ಮೇಲೆ ಕತ್ತರಿಸಿ, ಮತ್ತೆ ಕೂರುವ ಹಾಗೆ ಕೆಲಸವನ್ನು ಹಂಚಿಕೊಂಡೆ. ಬಾಬಿನ್ ಮುಗಿದು ದಾರ ಸುತ್ತುವ ಹೊತ್ತಿನಲ್ಲಿ ಫಿಸಿಯೋ ಹೇಳಿಕೊಟ್ಟ ವ್ಯಾಯಾಮ ಮಾಡುತ್ತೇನೆ: ದೃಷ್ಟಿ ನೇರವಾಗಿಟ್ಟು, ತಲೆಯನ್ನು ಮೇಲೆ ಕೆಳಗೆ ಮಾಡದೆ, ಯಾರೋ ಗದ್ದವನ್ನು ಹಿಂದಕ್ಕೆ ತಳ್ಳಿದಂತೆ ಕತ್ತನ್ನು ಹಿಂದೆ ಸರಿಸಿ ಐದು ಎಣಿಸುವುದು, ಹೀಗೆ ಹತ್ತು ಸಲ, ನಂತರ ಬೆನ್ನಿನ ರೆಕ್ಕೆಮೂಳೆಗಳೆರಡನ್ನೂ ಹತ್ತಿರ ತಂದು ಬಿಡುವುದು. ನೋಡಿದವರಿಗೆ ತಮಾಷೆಯಾಗಿ ಕಾಣುತ್ತದೆ. ಆರು ವಾರಕ್ಕೆ ಕೈ ಜೋಮು ಹಿಡಿಯುವುದು ನಿಂತಿತು.

ಕತ್ತಿನ ಕಾಲರನ್ನು ನಾನೂ ಒಂದು ತಿಂಗಳು ಹಾಕಿಕೊಂಡು ಸ್ನಾಯುಗಳನ್ನು ಸೋಮಾರಿ ಮಾಡಿಕೊಂಡಿದ್ದೆ. ನೋವು ಜೋರಾಗಿರುವ ಎರಡು ಮೂರು ದಿನಕ್ಕಿಂತ ಹೆಚ್ಚು ಅದು ಬೇಡ. ಇನ್ನೊಂದು ಮಾತನ್ನು ಗಂಡಸರಿಗೆ ಹೇಳಬೇಕು. ಕಟಿಂಗ್ ಆದ ಮೇಲೆ ತಲೆ ಹಿಡಿದು ಲಟಕ್ಕನೆ ತಿರುಗಿಸಿ ನೆಟಿಗೆ ತೆಗೆಸಿಕೊಳ್ಳುವ ಚಪಲ ನಮ್ಮ ಕಡೆ ಬಹಳ. ಕತ್ತಿನ ಮೂಳೆಗಳ ಒಳಗಿಂದಲೇ ಮೆದುಳಿಗೆ ರಕ್ತ ಒಯ್ಯುವ ನಾಳಗಳು ಹಾದುಹೋಗುತ್ತವೆ. ಹಾಗೆ ಜರ್ಕ್ ಕೊಟ್ಟಾಗ ಅವುಗಳ ಒಳಪದರ ಹರಿದು ಪಾರ್ಶ್ವವಾಯು ಆದದ್ದೂ ಉಂಟು. ನಮ್ಮ ಯಜಮಾನರಿಗೆ ಅದನ್ನು ಬಿಡಿಸಲು ನನಗೆ ಎರಡು ವರ್ಷ ಹಿಡಿಯಿತು.

ಉತ್ತರ 4: ಹಳೆಯ ಸ್ಟೆತಸ್ಕೋಪು (ನಿವೃತ್ತ ವೈದ್ಯ, ಮೈಸೂರು)

ಇಲ್ಲಿಯವರೆಗಿನ ಸಲಹೆಗಳು ಹಿತವಾಗಿವೆ. ಆದರೆ ಶಸ್ತ್ರಚಿಕಿತ್ಸೆ ಬೇಡವೆಂಬ ಉತ್ಸಾಹದಲ್ಲಿ, ಅದು ಬೇಕೇ ಬೇಕಾದ ಹೊತ್ತನ್ನು ಓದುಗರು ಕಳೆದುಕೊಳ್ಳಬಾರದು.

ಮೂತ್ರ ಕಟ್ಟಿಕೊಂಡರೆ ಅಥವಾ ತಿಳಿಯದೆ ಹೋದರೆ, ಮಲದ ಹಿಡಿತ ತಪ್ಪಿದರೆ, ಬೈಕಿನ ಸೀಟಿಗೆ ತಾಗುವ ಭಾಗವಿದೆಯಲ್ಲ, ಆ ಜಾಗವೆಲ್ಲ ಸ್ಪರ್ಶವಿಲ್ಲದೆ ಮರಗಟ್ಟಿದರೆ, ಬೆಳಗಾಗುವವರೆಗೂ ಕಾಯದೆ ಅದೇ ರಾತ್ರಿ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಬೆನ್ನುಹುರಿಯ ಕೆಳಗಿನ ನರಗಳ ಕಟ್ಟು ಪೂರ್ತಿ ಒತ್ತಿಹೋದಾಗ ಹೀಗಾಗುತ್ತದೆ, ತಡವಾದರೆ ಮೂತ್ರದ ಹಿಡಿತ ಶಾಶ್ವತವಾಗಿ ಹೋಗಬಹುದು. ಕಾಲಿನ ಬಲ ದಿನದಿಂದ ದಿನಕ್ಕೆ ಇಳಿಯುವುದೂ ಅಷ್ಟೇ ಗಂಭೀರ. ನೀವು ಮನೆಯಲ್ಲೇ ನೋಡಿಕೊಳ್ಳಬಹುದು: ಗೋಡೆಗೆ ಬೆರಳು ತಾಗಿಸಿಕೊಂಡು ಎಡಗಾಲೊಂದರಲ್ಲೇ ಹತ್ತು ಸಲ ತುದಿಗಾಲಿನ ಮೇಲೆ ಎದ್ದು ಇಳಿಯಿರಿ, ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ ನಡೆಯಿರಿ. ಬಲಗಾಲಿಗೆ ಹೋಲಿಸಿ ಎಡಗಾಲು ಸೋಲುತ್ತಿದ್ದರೆ, ಅಥವಾ ಚಪ್ಪಲಿ ತಾನಾಗಿ ಕಳಚಿಬೀಳುತ್ತಿದ್ದರೆ, ವೈದ್ಯರಿಗೆ ತಿಳಿಸಿ. ಕತ್ತಿನ ತೊಂದರೆಯವರು ಅಂಗಿಯ ಗುಂಡಿ ಹಾಕಲು ತಡವರಿಸಿದರೆ, ಸೂಜಿಗೆ ದಾರ ಪೋಣಿಸಲಾಗದಿದ್ದರೆ, ನಡೆಯುವಾಗ ತೂರಾಡಿದರೆ, ಅದು ಬರೀ ಕತ್ತುನೋವಲ್ಲ, ಬೆನ್ನುಹುರಿಯೇ ಒತ್ತಿದೆ ಎಂದು ಅನುಮಾನಿಸಬೇಕು. ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಮಲಗಿದರೂ ಬಿಡದ ನೋವು ಇದ್ದರೆ ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯವನ್ನು ಮರೆಯುವಂತಿಲ್ಲ. ಅದಕ್ಕೆ ಬೇಕಾದದ್ದು ಕ್ಷಯದ ಔಷಧ, ವ್ಯಾಯಾಮವಲ್ಲ. ಹಿಂದೆ ಕ್ಯಾನ್ಸರ್ ಆದವರು, ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡವರು, ಬಿದ್ದ ಮೇಲೆ ನೋವು ಬಂದ ವಯಸ್ಸಾದವರು ಮೊದಲೇ ಪರೀಕ್ಷೆ ಮಾಡಿಸಿಕೊಳ್ಳಲಿ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಮಂಡ್ಯದ ಮಿಮ್ಸ್‌ನಲ್ಲೂ ಮೂಳೆ ವಿಭಾಗಗಳಿವೆ.

ಇಂಥ ಲಕ್ಷಣಗಳಿಲ್ಲದೆ ಕಾಲುನೋವೊಂದೇ ಇದ್ದರೆ ಶಸ್ತ್ರಚಿಕಿತ್ಸೆ ಆಯ್ಕೆಯ ಪ್ರಶ್ನೆ. ಆರರಿಂದ ಹನ್ನೆರಡು ವಾರಗಳಿಂದ ತೀವ್ರ ಕಾಲುನೋವಿದ್ದ 283 ಮಂದಿಯನ್ನು ನೆದರ್ಲೆಂಡ್ಸಿನಲ್ಲಿ ಎರಡು ಗುಂಪು ಮಾಡಿ ನೋಡಿದರು. 2007ರಲ್ಲಿ ಅದರ ಫಲಿತಾಂಶ ಬಂತು. ಬೇಗ ಶಸ್ತ್ರಚಿಕಿತ್ಸೆಯಾದವರ ನೋವು ಬೇಗ ಇಳಿಯಿತು, ಆದರೆ ವರ್ಷ ತುಂಬುವ ಹೊತ್ತಿಗೆ ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಸ್ಥಿತಿಯಲ್ಲಿದ್ದರು. ಕಾಯ್ದ ಗುಂಪಿನಲ್ಲಿಯೂ ನೂರಕ್ಕೆ 39 ಮಂದಿ ನೋವು ತಾಳಲಾರದೆ ಕೊನೆಗೆ ಶಸ್ತ್ರಚಿಕಿತ್ಸೆಗೇ ಹೋದರೆಂಬುದನ್ನೂ ಮುಚ್ಚಿಡಬಾರದು. ಆದ್ದರಿಂದ ನಿಮ್ಮ ಮೊದಲ ವೈದ್ಯರು ಮೋಸ ಮಾಡಿದರೆಂದು ನಾನು ಹೇಳಲಾರೆ, ಅವರು ಅವಸರ ಮಾಡಿದರೆಂದಷ್ಟೇ ಹೇಳುತ್ತೇನೆ.

ನೋವಿನ ಮಾತ್ರೆಗಳನ್ನು ಊಟದ ನಂತರ, ವೈದ್ಯರು ಹೇಳಿದಷ್ಟೇ ದಿನ ತೆಗೆದುಕೊಳ್ಳಿ. ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಮಾತ್ರೆ ಕೊಂಡು ತಿಂಗಳುಗಟ್ಟಲೆ ನುಂಗಿ ಗದ್ದೆ ಕೆಲಸಕ್ಕೆ ಹೋಗುವವರನ್ನು ನನ್ನ ವೃತ್ತಿಯುದ್ದಕ್ಕೂ ಕಂಡಿದ್ದೇನೆ. ಸೊಂಟಕ್ಕಾಗಿ ಬಂದವರ ಮೂತ್ರಪಿಂಡ ಕೆಟ್ಟಿರುತ್ತಿತ್ತು. ಬಿ.ಪಿ., ಸಕ್ಕರೆ ಕಾಯಿಲೆ, ಹೊಟ್ಟೆಹುಣ್ಣು ಇರುವವರು ಇನ್ನೂ ಎಚ್ಚರದಿಂದಿರಬೇಕು. ನರದ ಮಾತ್ರೆಯೆಂದು ಕೊಡುವ ಪ್ರೀಗ್ಯಾಬಲಿನ್ ಸಯಾಟಿಕಾದಲ್ಲಿ, ಅಂದರೆ ಹೀಗೆ ಸೊಂಟದಿಂದ ಕಾಲಿಗೆ ಇಳಿಯುವ ನೋವಿನಲ್ಲಿ, ಔಷಧವಿಲ್ಲದ ಹುಸಿ ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲವೆಂದು 2017ರ ಪ್ರಯೋಗವೊಂದು ತೋರಿಸಿದೆ, ತಲೆಸುತ್ತು ಮಾತ್ರ ತರಿಸಿತು. ಬೆನ್ನಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಕೆಲವರಿಗೆ ಕೆಲವು ವಾರಗಳ ಉಪಶಮನ ಕೊಡುತ್ತದೆ. ನಡೆಯಲೂ ಆಗದವರಿಗೆ ಆ ಅವಧಿ ವ್ಯಾಯಾಮ ಆರಂಭಿಸಲು ಸಹಾಯವಾಗಬಹುದು. ಬೀಡಿ ಸಿಗರೇಟು ಸೇದುವವರಾಗಿದ್ದರೆ ಬಿಡಿ, ಮೊದಲೇ ರಕ್ತನಾಳವಿಲ್ಲದ ಡಿಸ್ಕಿಗೆ ಸುತ್ತಲಿಂದ ಬರುವ ಪೋಷಣೆಯನ್ನೂ ಅದು ಕಡಿಮೆ ಮಾಡುತ್ತದೆ. ಎಣ್ಣೆ ತಿಕ್ಕಿ ಶಾಖ ಕೊಡುವುದಕ್ಕೆ ನನ್ನ ಅಡ್ಡಿಯಿಲ್ಲ, ಸ್ನಾಯು ಸಡಿಲವಾಗಿ ಹಿತವೆನಿಸುತ್ತದೆ. ತುಳಿಸಿಕೊಳ್ಳುವುದು ಮಾತ್ರ ಖಂಡಿತ ಬೇಡ. ಹುಟ್ಟುವಾಗ ಯಾವ ಅಂಗ ಮುಂದೆ ಬಂತೆಂಬುದಕ್ಕೂ ನಿಮ್ಮ ಡಿಸ್ಕಿಗೂ ಸಂಬಂಧವಿಲ್ಲ. ತಾಯಿಯವರಿಗೆ ಬೇಸರವಾಗುವುದಾದರೆ ಬೆನ್ನಿಗೆ ಹರಳೆಣ್ಣೆ ಹಚ್ಚಲು ಅವರನ್ನೇ ಕೇಳಿಕೊಳ್ಳಿ.

ಉತ್ತರ 5: ಬೆಲ್ಲದಚ್ಚು (ಪಾಂಡವಪುರ)

ವೈದ್ಯರ ಮಾತಿಗೆ ಒಂದೇ ಸೇರ್ಪಡೆ. ನಮ್ಮ ಅಣ್ಣ ಆಲೆಮನೆಯಲ್ಲಿ ಕೊಪ್ಪರಿಗೆ ಎತ್ತುವಾಗ ಸೊಂಟ ಹಿಡಿದು, ಪಾದ ಮೇಲೆತ್ತಲು ಆಗದೆ ಹೆಬ್ಬೆರಳು ನೆಲಕ್ಕೆ ಎಡವುತ್ತಿದ್ದರೂ ಎರಡು ತಿಂಗಳು ಉಳುಕು ತೆಗೆಯುವವರ ಬಳಿ ಅಲೆದ. ಕೊನೆಗೆ ಶಸ್ತ್ರಚಿಕಿತ್ಸೆ ಆಯಿತು, ನೋವು ಹೋಯಿತು. ಆದರೆ ಪಾದ ಇವತ್ತಿಗೂ ಪೂರ್ತಿ ಮೇಲೇಳುವುದಿಲ್ಲ. ನಮ್ಮ ಆಲೆಮನೆಯಲ್ಲಿ ಈಗ ಕೊಪ್ಪರಿಗೆಗೆ ಇಬ್ಬರಲ್ಲ, ನಾಲ್ವರು ಕೈ ಹಾಕುತ್ತಾರೆ. ಗದ್ದೆಯಲ್ಲಿ ಕಳೆಗೆ ಗಿಡ್ಡ ಹಿಡಿಯ ಸಲಕರಣೆ ಬಿಟ್ಟು ನಿಂತುಕೊಂಡೇ ತಳ್ಳುವ ಸೈಕಲ್ ವೀಡರ್ ತಂದಿದ್ದೇವೆ. ಹೆಂಗಸರು ಸೊಂಟ ಹಿಡಿದುಕೊಂಡು ಬದುವಿನ ಮೇಲೆ ಕೂರುವುದು ಎಷ್ಟೋ ಕಡಿಮೆಯಾಗಿದೆ.

ಮರುಪ್ರಶ್ನೆ: ಕಾವೇರಿದಂಡೆ

ಎಲ್ಲರಿಗೂ ಕೃತಜ್ಞತೆಗಳು. ತುದಿಗಾಲಿನ ಪರೀಕ್ಷೆ ಮಾಡಿ ನೋಡಿದೆ, ಎಡಗಾಲು ಹತ್ತು ಸಲವೂ ಎದ್ದಿತು. ಎರಡನೆಯ ವೈದ್ಯರ ಮಾತಿನಂತೆ ಇನ್ನೂ ಆರು ವಾರ ಕಾಯುವುದೆಂದು ನಿರ್ಧರಿಸಿದ್ದೇವೆ. ಬೋರಲು ಮಲಗುವ ವ್ಯಾಯಾಮ ಆರಂಭಿಸಿ ನಾಲ್ಕು ದಿನವಾಯಿತು. ಪಾದದ ನೋವು ಮೀನಖಂಡದವರೆಗೆ ಹಿಂದೆ ಸರಿದಿದೆ, ಆದರೆ ಸೊಂಟದಲ್ಲಿ ಮೊದಲಿಗಿಂತ ಹೆಚ್ಚು ನೋಯುತ್ತಿದೆ. ಮಿಷನ್ನಿನ ಕೆಳಗೆ ಮರದ ತುಂಡು ಇಟ್ಟಾಯಿತು. ಹಾಲು ಕರೆಯಲು ನಮ್ಮ ತಮ್ಮ ಒಪ್ಪಿಕೊಂಡಿದ್ದಾನೆ, ಆದರೆ ಕಪಿಲೆ ಹಸು ಅವನಿಗೆ ಸೊರೆಬಿಡುತ್ತಿಲ್ಲ, ಒದೆಯುತ್ತದೆ. ಬೈಕಿನಲ್ಲಿ ಮೈಸೂರಿಗೆ ಹೋಗುವುದನ್ನು ಮುಂದುವರಿಸಬಹುದೇ?

ಉತ್ತರ 6: ಏರಿ ಮೇಲಿನ ನಡಿಗೆ

ಪಾದದಿಂದ ಮೀನಖಂಡಕ್ಕೆ ಏರಿದ್ದು ಒಳ್ಳೆಯ ಸೂಚನೆ, ಸೊಂಟದ ನೋವಿಗೆ ಹೆದರದೆ ಅದೇ ವ್ಯಾಯಾಮವನ್ನು ಎರಡು ಮೂರು ಗಂಟೆಗೊಮ್ಮೆ ಮುಂದುವರಿಸಿ. ಬೈಕನ್ನು ಸದ್ಯಕ್ಕೆ ಬಿಟ್ಟು ಬಸ್ಸಿನಲ್ಲಿ ಹೋಗಿ, ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ ಮಾತ್ರ ಕೂರಬೇಡಿ, ಹಂಪು ಬಂದಾಗಲೆಲ್ಲ ಅಲ್ಲೇ ಹೆಚ್ಚು ಎತ್ತಿಹಾಕುವುದು. ಕಂಬಿ ಹಿಡಿದು ನಿಲ್ಲುವುದು ನಿಮಗೆ ಕೂರುವುದಕ್ಕಿಂತ ಹಿತವಾಗಿಯೂ ಇರಬಹುದು. ಕಚೇರಿಯಲ್ಲಿ ಅರ್ಧ ಗಂಟೆಗೊಮ್ಮೆ ಎದ್ದು, ಅಂಗೈಗಳನ್ನು ಸೊಂಟಕ್ಕೆ ಕೊಟ್ಟು ಐದು ಸಲ ಹಿಂದಕ್ಕೆ ಬಾಗಿ ಕುಳಿತುಕೊಳ್ಳಿ. ತಿಂಗಳ ನಂತರ ಬೈಕು ಹತ್ತುವಾಗ ಮೊದಲು ಊರಿನೊಳಗೆ ಹತ್ತು ನಿಮಿಷ ಓಡಿಸಿ, ಮರುದಿನ ಬೆಳಿಗ್ಗೆ ನೋವು ಕೆಳಗೆ ಇಳಿಯಿತೋ ಇಲ್ಲವೋ ನೋಡಿ ದೂರ ಹೆಚ್ಚಿಸಿ.

ಕಪಿಲೆಯ ವಿಷಯದಲ್ಲಿ ನನಗೆ ಓದಿನ ಜ್ಞಾನವಿಲ್ಲ. ನಮ್ಮ ಅಜ್ಜಿ ಮಾಡುತ್ತಿದ್ದಂತೆ, ಕರೆಯುವವರು ತಮ್ಮನೇ ಆಗಲಿ, ಒಂದು ವಾರ ನೀವು ಹಸುವಿನ ತಲೆಯ ಬಳಿ ನೆಟ್ಟಗೆ ನಿಂತು ಗಂಗೆದೊಗಲು ಸವರುತ್ತಿರಿ.